ಸ್ಕ್ರೂವಿನ ಅರ್ಧ ಸುತ್ತು

"ಬುದ್ಧಿ, ಒಂದೇ ನೋವಿಗೆ ಇಬ್ಬರು ಎರಡು ಮದ್ದು ಹೇಳಿದರೆ, ಅವರಲ್ಲಿ ಒಬ್ಬನಿಗೆ ಏನೂ ಗೊತ್ತಿಲ್ಲ ಎಂದೇ ತಾನೇ ಅರ್ಥ?"

ಕೇಳಿದವನು ಗುರುಪಾದ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ದುಃಖ ಹೊತ್ತು ಬಂದವರನ್ನು ಕೂರಿಸಿಕೊಂಡು ಸಮಾಧಾನ ಹೇಳುವುದು ಅವನ ಕೆಲಸ. ಅದೇ ಕೆಲಸ ಚನ್ನವೀರನಿಗೂ ಇತ್ತು. ಗುರುಪಾದ ಹಜಾರದಲ್ಲಿ ಕೂರುತ್ತಿದ್ದ, ಚನ್ನವೀರ ಹಿತ್ತಲಿನಲ್ಲಿ. ಗುರುಪಾದ ಬಂದವರಿಗೆ, ಅಳಬೇಡಿ, ಅತ್ತರೆ ಹೋದವರು ಬರುವುದಿಲ್ಲ, ಎನ್ನುತ್ತಿದ್ದ. ಚನ್ನವೀರ, ಅತ್ತುಬಿಡಿ, ಎನ್ನುತ್ತಿದ್ದ. ಆರು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಚನ್ನವೀರನನ್ನು ಆ ಕೆಲಸದಿಂದ ಬಿಡಿಸಿ ದನದ ಕೊಟ್ಟಿಗೆಗೆ ಹಾಕಿ ಎಂದು ಕೇಳುವುದಕ್ಕೇ ಗುರುಪಾದ ಮಠದ ಗುರುಗಳ ಬಳಿ ಬಂದಿದ್ದ. ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಸುತ್ತಿ ಬಳಸಿ ಕೇಳಿದ.

ಗುರುಗಳಿಗೆ ಅದು ತಿಳಿಯದೆ ಇರಲಿಲ್ಲ.

"ಕೂತುಕೋ, ಒಂದು ಜೀಪಿನ ಕತೆ ಹೇಳುತ್ತೇನೆ" ಎಂದರು.

"ಜೀಪಿನದೇ, ಬುದ್ಧಿ?"

"ಯಾಕೆ, ರಾಜನ ಕತೆ ಬೇಕಿತ್ತೇ? ನಾನು ರಾಜರನ್ನು ನೋಡಿಲ್ಲ, ಜೀಪು ನೋಡಿದ್ದೇನೆ. ಕೇಳು."

ಒಂದು ಘಟ್ಟ. ಅದರ ಬುಡದಲ್ಲಿ ಒಂದು ಊರು, ನೆತ್ತಿಯಲ್ಲಿ ಒಂದು ಊರು. ನಡುವೆ ಮೂವತ್ತೆರಡು ತಿರುವು. ಆ ದಾರಿಯಲ್ಲಿ ಒಬ್ಬ ಡ್ರೈವರ್ ಹಳೆಯ ಪೆಟ್ರೋಲ್ ಜೀಪು ಓಡಿಸುತ್ತಿದ್ದ. ಜನರನ್ನೂ ತರಕಾರಿಯನ್ನೂ ಹೇರಿಕೊಂಡು ಬೆಳಿಗ್ಗೆ ಹತ್ತುವನು, ಸಂಜೆ ಇಳಿಯುವನು.

ಕೆಳಗಿನ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಮೇಲಿನ ಊರಿನಲ್ಲಿ ಇನ್ನೊಬ್ಬ. ಇಬ್ಬರೂ ಒಬ್ಬನೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು, ಒಂದೇ ಡಬ್ಬಿಯಲ್ಲಿ ಉಂಡವರು. ಆ ಗೆಳೆತನದಲ್ಲೇ ಮೇಲಿನವನು ತನ್ನ ತಂಗಿಯನ್ನು ಕೆಳಗಿನವನಿಗೆ ಕೊಟ್ಟು ಮದುವೆ ಮಾಡಿದ್ದ.

ಈಗ ನಿನಗೆ ಕಾರ್ಬೊರೇಟರ್ ಎಂದರೇನು ಎಂದು ಹೇಳಬೇಕು. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಅದು ಇರುತ್ತಿತ್ತು. ಲೋಟದಷ್ಟು ದೊಡ್ಡದು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವುದು ಅದರ ಕೆಲಸ. ಎಷ್ಟು ಬೆರೆಸಬೇಕು ಎನ್ನುವುದನ್ನು ಒಂದು ಸಣ್ಣ ಸ್ಕ್ರೂ ತೀರ್ಮಾನಿಸುತ್ತದೆ. ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಹೊರಕ್ಕೆ ತಿರುಗಿಸಿದರೆ ಜಾಸ್ತಿ. ಮೆಕ್ಯಾನಿಕ್ ಎಂಜಿನ್ ಓಡಲು ಬಿಟ್ಟು, ಕಿವಿಗೊಟ್ಟು ಕೇಳಿ, ಸ್ಕ್ರೂ ತಿರುಗಿಸಿ, ಇಷ್ಟು ಸಾಕು ಎಂದು ನಿಲ್ಲಿಸುತ್ತಾನೆ. ಆಮೇಲೆ ಕಾರ್ಬೊರೇಟರ್ ಆ ಮಾತಿನ ಮೇಲೇ ನಡೆಯುತ್ತದೆ. ಸ್ವಂತ ಬುದ್ಧಿ ಅದಕ್ಕಿಲ್ಲ.

ಇಬ್ಬರು ಮೆಕ್ಯಾನಿಕ್‌ಗಳಿಗೂ ಒಂದು ಪದ್ಧತಿ ಇತ್ತು. ಸ್ಕ್ರೂ ಕೂರಿಸಿದ ಮೇಲೆ ಅದರ ತಲೆಗೆ ಒಂದು ಚುಕ್ಕೆ ಬಣ್ಣ ಇಡುತ್ತಿದ್ದರು. ಕೆಳಗಿನವನದು ಬಿಳಿ, ಮೇಲಿನವನದು ಕೆಂಪು. ಬೇರೆ ಯಾರಾದರೂ ಮುಟ್ಟಿದರೆ ಚುಕ್ಕೆ ಒಡೆದು ಗೊತ್ತಾಗಬೇಕು. ಡ್ರೈವರೇ ಮುಟ್ಟಿದ್ದರಂತೂ ಮತ್ತೆ ಆ ಗಾಡಿಗೆ ಕೈ ಹಾಕುತ್ತಿರಲಿಲ್ಲ. ಪಾಪ, ಡ್ರೈವರ್ ಆ ಸ್ಕ್ರೂವನ್ನು ದೇವರ ಹಾಗೆ ದೂರದಿಂದ ನೋಡುತ್ತಿದ್ದ.

ಕೆಳಗಿನವನು ಜೀಪನ್ನು ಚೆನ್ನಾಗಿ ಟ್ಯೂನ್ ಮಾಡಿ ಕಳಿಸುವನು. ಅದು ಮೇಲಿನ ಊರು ಮುಟ್ಟುವ ಹೊತ್ತಿಗೆ ಕಪ್ಪು ಹೊಗೆ ಕಾರುತ್ತಾ ಏದುಸಿರು ಬಿಡುವುದು. ಮೇಲಿನವನು ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ನೋಡಿದರೆ ಮಸಿ ಹಿಡಿದಿರುವುದು.

"ಇಷ್ಟೊಂದು ಪೆಟ್ರೋಲ್ ಬಿಟ್ಟವ್ನಲ್ಲ, ಗಾಡಿ ಓಡ್ಸಕ್ಕೋ, ಒಲೆ ಹಚ್ಚಕ್ಕೋ?" ಎನ್ನುತ್ತಾ ಬಿಳಿ ಚುಕ್ಕೆ ಒಡೆದು ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸುವನು. ಹೊಗೆ ನಿಲ್ಲುವುದು.

ಅದೇ ಜೀಪು ಇಳಿದು ಕೆಳಗೆ ಬರುವ ಹೊತ್ತಿಗೆ ಎಂಜಿನ್ ಕಾದು ಕೆಂಡವಾಗಿ, ಜಗ್ಗಿ ಜಗ್ಗಿ ಓಡುವುದು. ಕೆಳಗಿನವನು ಬಿಚ್ಚಿದರೆ ಅದೇ ಪ್ಲಗ್ಗು ಸುಣ್ಣದಂತೆ ಬಿಳಿ.

"ಪೆಟ್ರೋಲ್ ಕೊಡಕ್ಕೂ ಜಿಪುಣತನವಾ ನಮ್ ಭಾವಂಗೆ? ಎಂಜಿನ್ನ ಉಪವಾಸ ಕೆಡವಿ ಸಾಯಿಸ್ತಾನೆ" ಎನ್ನುತ್ತಾ ಕೆಂಪು ಚುಕ್ಕೆ ಒಡೆದು ಅರ್ಧ ಸುತ್ತು ಹೊರಕ್ಕೆ ತಿರುಗಿಸುವನು. ಜೀಪು ಸರಿಯಾಗುವುದು.

ಡ್ರೈವರ್ ಇಬ್ಬರಿಗೂ ಹೇಳಿದ. ಮೇಲೆ ಹೋದರೆ ಹೊಗೆ, ಕೆಳಗೆ ಬಂದರೆ ಕಾವು, ಎಂದ. ಮೇಲಿನವನ ಕಿವಿಗೆ ಮೊದಲ ಅರ್ಧ ಮಾತ್ರ ಬಿತ್ತು, ಕೆಳಗಿನವನಿಗೆ ಎರಡನೆಯ ಅರ್ಧ.

ಗುರುಗಳು ನಿಲ್ಲಿಸಿ ಕೇಳಿದರು, "ಇಬ್ಬರಲ್ಲಿ ಕೆಲಸ ಬಾರದವನು ಯಾರು?"

ಗುರುಪಾದ ಯೋಚಿಸಿದ. "ಇಬ್ಬರ ಕೈಯಲ್ಲೂ ಜೀಪು ಸರಿಯಾಗುತ್ತಿತ್ತಲ್ಲ, ಬುದ್ಧಿ?"

"ಆಗುತ್ತಿತ್ತು. ಆದರೆ ಇಬ್ಬರೂ ಅದನ್ನು ನೋಡುತ್ತಿದ್ದದ್ದು ಕೆಟ್ಟು ಬಂದಾಗ ಮಾತ್ರ. ಇನ್ನೊಬ್ಬ ಸರಿ ಮಾಡಿ ಕಳಿಸಿದಾಗ ಅದು ಹೇಗಿತ್ತು ಎಂದು ಒಬ್ಬನೂ ಕಂಡಿರಲಿಲ್ಲ."

ವಿಷಯ ಸರಳ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿಗೆ ಪೆಟ್ರೋಲೂ ಕಡಿಮೆ ಸಾಕು. ಕೆಳಗೆ ಗಾಳಿ ದಟ್ಟ, ಅಲ್ಲಿ ಜಾಸ್ತಿ ಬೇಕು. ಕೆಳಗಿನವನ ಸ್ಕ್ರೂ ಕೆಳಗಿನ ಗಾಳಿಗೆ ಸರಿ, ಮೇಲಿನವನದು ಮೇಲಿನ ಗಾಳಿಗೆ ಸರಿ. ಇಷ್ಟು ಅವರಿಗೆ ಯಾಕೆ ತಿಳಿಯಲಿಲ್ಲ ಎನ್ನುತ್ತೀಯಾ? ಇಬ್ಬರೂ ತಮ್ಮ ತಮ್ಮ ಶೆಡ್ಡಿನ ಅಂಗಳದಲ್ಲಿ, ನಿಂತ ಗಾಡಿಯ ಎಂಜಿನ್ ಕೇಳಿದವರೇ ಹೊರತು ಅದರೊಳಗೆ ಕೂತು ಘಟ್ಟ ಹತ್ತಿದವರಲ್ಲ. ಎಂದೋ ಒಮ್ಮೆ ಹತ್ತಿಳಿದಿದ್ದರೆ ಬಸ್ಸಿನಲ್ಲಿ. ಬಸ್ಸು ಡೀಸೆಲ್ಲಿನದು, ಅದಕ್ಕೆ ಕಾರ್ಬೊರೇಟರೇ ಇಲ್ಲ.

ಹೀಗಿರುವಾಗ ಒಂದು ದಿನ ಕೆಳಗಿನ ಊರಿನ ಬಯಲು ರಸ್ತೆಯಲ್ಲಿ ಕಾವಿಗೆ ಎಂಜಿನ್ನಿನೊಳಗಿನ ಪಿಸ್ಟನ್ ಸುಟ್ಟುಹೋಯಿತು. ಸ್ಕ್ರೂವಿನ ಮೇಲೆ ಕೆಂಪು ಚುಕ್ಕೆ ಇತ್ತು. ಕೆಳಗಿನವನು ಸುಟ್ಟ ಪಿಸ್ಟನ್ನನ್ನು ಪೇಪರಿನಲ್ಲಿ ಸುತ್ತಿ ಭಾವನಿಗೆ ಕಳಿಸಿಕೊಟ್ಟ. ಭಾವ ಸುಮ್ಮನಿದ್ದಾನೆಯೇ? ಮಸಿ ಹಿಡಿದ ಪ್ಲಗ್ಗುಗಳನ್ನೆಲ್ಲ ಒಂದು ತಂತಿಗೆ ಪೋಣಿಸಿ, ಹಾರ ಮಾಡಿ ಕಳಿಸಿದ.

ಆ ಹಾರ ನೋಡಿ ಕೆಳಗಿನವನು ಹೆಂಡತಿಗೆ ಹೇಳಿದ: "ನಿಮ್ಮಣ್ಣ ಪೆಟ್ರೋಲ್ ಬಿಡೋದು ಕಲಿಯೋ ತನಕ ನೀನು ಆ ಮನೆಗೆ ಕಾಲಿಡಂಗಿಲ್ಲ."

ಮೇಲಿನವನೂ ಅಷ್ಟೇ ಗಟ್ಟಿಯಾಗಿ ಹೇಳಿದ: "ಅವನು ಪೆಟ್ರೋಲ್ ಹಿಡಿಯೋದು ಕಲಿಯೋ ತನಕ ಆ ಮನೆಯವರು ಯಾರೂ ಇಲ್ಲಿಗೆ ಬರೋದು ಬ್ಯಾಡ."

ಹನ್ನೊಂದು ವರ್ಷ ಕಳೆಯಿತು. ಒಂದು ಸ್ಕ್ರೂವಿನ ಅರ್ಧ ಸುತ್ತಿಗಾಗಿ ಒಬ್ಬ ಹೆಣ್ಣುಮಗಳು ಹನ್ನೊಂದು ವರ್ಷ ತವರಿನ ಮುಖ ನೋಡಲಿಲ್ಲ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತವರಿನಲ್ಲಿ ಅವಳ ತಾಯಿಗೆ ಕಣ್ಣು ಮಂಜಾಗುತ್ತಾ ಬಂತು. ವೈದ್ಯರು ಕಣ್ಣು ಉಳಿಯುವುದಿಲ್ಲ ಎಂದುಬಿಟ್ಟರು. ತಾಯಿ ಡ್ರೈವರ್ ಕೈಯಲ್ಲಿ ಹೇಳಿ ಕಳಿಸಿದಳು: "ಕಣ್ಣಿರೋವಾಗ್ಲೇ ಒಂದ್ಸಲ ಮುಖ ತೋರ್ಸಿ ಹೋಗು ಅನ್ನಪ್ಪಾ."

ಡ್ರೈವರ್ ಆ ಮಾತನ್ನು ತಂಗಿಗೆ ಮುಟ್ಟಿಸಿದ. ಅವಳು ಗಂಡನಿಗೆ ಮುಟ್ಟಿಸಿದಳು. ಗಂಡನಿಗೂ ಸಂಕಟವಾಯಿತು. ಆದರೆ ಆಡಿದ ಮಾತಿತ್ತಲ್ಲ, ಅದು ಅಡ್ಡ ಬಂತು. ಮೊದಲು ನಿಮ್ಮಣ್ಣ ಕಲಿಯಲಿ, ಎಂದ.

ಡ್ರೈವರಿಗೂ ಸಾಕಾಗಿತ್ತು. ಇನ್ನೊಂದು ಪಿಸ್ಟನ್ ಹೋದರೆ ಅವನ ಹೊಟ್ಟೆಪಾಡು ಮುಗಿದಂತೆ. ಅವನು ಪಟ್ಟಣಕ್ಕೆ ಹೋದ. ಅಲ್ಲಿ ಹಳೆಯ ಗಾಡಿಗಳ ಕಾರ್ಬೊರೇಟರ್ ಬಿಚ್ಚಿ ಆ ಜಾಗದಲ್ಲಿ ಫ್ಯೂಯಲ್ ಇಂಜೆಕ್ಷನ್ ಕೂರಿಸುವವರು ಇದ್ದರು. ಅದಕ್ಕೆ ಸ್ಕ್ರೂ ಇಲ್ಲ. ಒಂದು ಪುಟ್ಟ ಪೆಟ್ಟಿಗೆ ಇದೆ. ಗಾಳಿ ಎಷ್ಟು ದಟ್ಟ, ಎಂಜಿನ್ ಎಷ್ಟು ಬಿಸಿ ಎಂದು ಅದು ಕ್ಷಣ ಕ್ಷಣಕ್ಕೂ ಕೇಳಿ ತಿಳಿಯುತ್ತದೆ. ಹೊರಗೆ ಹೋಗುವ ಹೊಗೆಯನ್ನೂ ಮೂಸಿ ನೋಡುತ್ತದೆ. ಈಗ ಕೊಟ್ಟ ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿಕೊಂಡು ಮುಂದಿನದನ್ನು ಕೊಡುತ್ತದೆ. ಡ್ರೈವರ್ ಅದನ್ನು ಹಾಕಿಸಿಕೊಂಡು, ಹಳೆಯ ಕಾರ್ಬೊರೇಟರನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟ. ಯಾರಿಗೂ ಹೇಳಲಿಲ್ಲ.

ಮರುದಿನ ಜೀಪು ಘಟ್ಟ ಹತ್ತಿತು. ಮೇಲಿನವನು ಶೆಡ್ಡಿನಿಂದಲೇ ಕಿವಿಗೊಟ್ಟ. ಹೊಗೆಯಿಲ್ಲ, ಏದುಸಿರಿಲ್ಲ. ಬಾನೆಟ್ ತೆಗೆಯುವ ಕೆಲಸವೇ ಬೀಳಲಿಲ್ಲ. ಸಂಜೆ ಅದೇ ಜೀಪು ಕೆಳಗಿಳಿಯಿತು. ಕಾವಿಲ್ಲ, ಜಗ್ಗಾಟವಿಲ್ಲ. ಕೆಳಗಿನವನೂ ಬಾನೆಟ್ ತೆಗೆಯಲಿಲ್ಲ. ಹೀಗೇ ಹತ್ತು ದಿನ ನಡೆಯಿತು. ಮೇಲೆ ಅವನು, "ಕೊನೆಗೂ ಬುದ್ಧಿ ಬಂತಪ್ಪಾ" ಎಂದ. ಕೆಳಗೆ ಇವನು, ಊಟದ ಎಲೆಯ ಮುಂದೆ ಕೂತು ಹೆಂಡತಿಗೆ ಹೇಳಿದ: "ನಿಮ್ಮಣ್ಣ ಅಂತೂ ಪೆಟ್ರೋಲ್ ಬಿಡೋದು ಕಲ್ತ."

ಅವಳು ಸಾರಿನ ಪಾತ್ರೆ ಕೆಳಗಿಟ್ಟಳು. "ಕಲ್ತ್ನಾ? ಹಂಗಾದ್ರೆ ನಾಳೆ ನಾನು ತವರಿಗೆ ಹೋಯ್ತೀನಿ."

ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದ. ಬೇಡ ಎನ್ನಲು ದಾರಿ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಎದೆ ಹಗುರವಾಯಿತು.

ಅವಳು ಜೀಪು ಹತ್ತಿದಳು. ಹದಿನೇಳನೆಯ ತಿರುವಿನಲ್ಲಿ, ಅಂದರೆ ಹೆಚ್ಚೂಕಡಿಮೆ ನಡುಘಟ್ಟದಲ್ಲಿ, ಜೀಪು ನಿಂತುಬಿಟ್ಟಿತು. ಡ್ರೈವರ್ ಕೀಲಿ ತಿರುಗಿಸಿದ, ವೈರುಗಳನ್ನು ಅಲ್ಲಾಡಿಸಿದ, ಪೆಟ್ಟಿಗೆಯ ಮೇಲೆ ಮೆಲ್ಲಗೆ ತಟ್ಟಿಯೂ ನೋಡಿದ. ಪೆಟ್ಟಿಗೆ ಕೆಟ್ಟರೆ ಅದನ್ನು ರಸ್ತೆ ಬದಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ರಿಪೇರಿ ಮಾಡಲಾಗುವುದಿಲ್ಲ.

ಆಗ ಅವನು ಅವಳ ಮುಂದೆ ನಿಜ ಒಪ್ಪಿಕೊಂಡ. "ಅಕ್ಕಾ, ನಿಮ್ಮಣ್ಣನೂ ಕಲ್ತಿಲ್ಲ, ನಿಮ್ ಯಜಮಾನ್ರೂ ಕಲ್ತಿಲ್ಲ. ನಾನು ಕಾರ್ಬೊರೇಟರ್ ತೆಗೆಸಿಬಿಟ್ಟಿದ್ದೀನಿ. ಅವರಿಗೆ ಗೊತ್ತಾದ್ರೆ ನಿಮ್ ದಾರಿ ಮತ್ತೆ ಮುಚ್ಚೋಯ್ತದೆ. ನಡ್ಕೊಂಡೇ ಮೇಲಕ್ಕೆ ಹೋಗಿಬಿಡಿ."

ಮೇಲಕ್ಕೆ ಇನ್ನೂ ಹದಿನೈದು ತಿರುವು. ಅವಳಿಗೆ ಮಂಡಿನೋವು. ಅವಳು ತಡೆಗೋಡೆಯ ಮೇಲೆ ಕೂತಳು. ಹೇಗೂ ಗೊತ್ತಾಗುವುದೇ ಆದರೆ ಇಬ್ಬರಿಗೂ ಒಟ್ಟಿಗೇ ಗೊತ್ತಾಗಲಿ ಎಂದುಕೊಂಡಳೋ ಏನೋ, ಒಂದು ಬಸ್ಸು ಘಟ್ಟ ಹತ್ತಿ ಬಂದಾಗ ತಾನು ಏರದೆ ಅದರ ಕಂಡಕ್ಟರ್ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದಳು. ಇನ್ನೊಂದು ಬಸ್ಸು ಇಳಿದು ಬಂದಾಗ ಗಂಡನಿಗೆ ಹೇಳಿ ಕಳಿಸಿದಳು. ಇಬ್ಬರಿಗೂ ಒಂದೇ ಮಾತು: "ನಡುದಾರೀಲಿ ಕೂತಿದ್ದೀನಿ."

ಇಬ್ಬರೂ ಬಂದರು. ಒಬ್ಬ ಮೇಲಿನಿಂದ, ಒಬ್ಬ ಕೆಳಗಿನಿಂದ. ಹನ್ನೊಂದು ವರ್ಷದ ಮೇಲೆ ಎದುರಾಬದುರಾ ನಿಂತು, ಒಬ್ಬರನ್ನೊಬ್ಬರು ನೋಡದೆ ಬಾನೆಟ್ ಎತ್ತಿದರು. ಸ್ಕ್ರೂ ಇಲ್ಲ. ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಇಬ್ಬರ ಮುಖವೂ ಇಳಿಯಿತು. ಭಾವ ಕಲಿತಿದ್ದಾನೆ ಎಂದು ಹತ್ತು ದಿನ ಹಿಗ್ಗಿದ್ದೆಲ್ಲ ಸುಳ್ಳಾಗಿತ್ತು.

"ನಮಗಿಂತ ಈ ಡಬ್ಬಕ್ಕೆ ಜಾಸ್ತಿ ಗೊತ್ತೇನೋ?" ಎಂದು ಮೇಲಿನವನು ಡ್ರೈವರ್ ಮೇಲೆ ಹರಿಹಾಯ್ದ.

ಡ್ರೈವರ್ ಕೈಮುಗಿದು ಹೇಳಿದ: "ನಿಮಗಿಂತ ಜಾಸ್ತಿ ಏನೂ ಗೊತ್ತಿಲ್ಲ ಅಣ್ಣಾ. ನೀವು ಅಂಗಳದಲ್ಲೇ ಉಳ್ಕೊಳ್ತೀರಿ. ಅದು ನನ್ ಜೊತೆ ಬತ್ತದೆ, ಅಷ್ಟೇಯ."

ಸೀಟಿನ ಕೆಳಗಿದ್ದ ಹಳೆಯ ಕಾರ್ಬೊರೇಟರ್ ಹೊರಗೆ ಬಂತು. ಅದಕ್ಕೆ ಪೆಟ್ರೋಲ್ ಎಳೆದು ಕೊಡುವ ಹಳೆಯ ಪಂಪು ಎಂಜಿನ್ನಿನಲ್ಲೇ ಉಳಿದಿತ್ತು. ಇಬ್ಬರೂ ಸೇರಿ ಎರಡು ಗಂಟೆಯಲ್ಲಿ ಕಾರ್ಬೊರೇಟರ್ ಕೂರಿಸಿದರು. ಕೆಲಸದಲ್ಲಿ ನಾಲ್ಕು ಕೈಗಳಿಗೂ ಹಳೆಯ ಹೊಂದಿಕೆ ಇತ್ತು. ಒಬ್ಬ ಕೈ ಚಾಚುವ ಮೊದಲೇ ಇನ್ನೊಬ್ಬ ಸ್ಪ್ಯಾನರ್ ಇಡುತ್ತಿದ್ದ. ಜಗಳ ಶುರುವಾದದ್ದು ಸ್ಕ್ರೂ ಬಂದಾಗ. ಒಬ್ಬ ಒಳಕ್ಕೆ ತಿರುಗಿಸಿದ, ಎಂಜಿನ್ ಜಗ್ಗಿತು. ಇನ್ನೊಬ್ಬ ಅವನ ಕೈ ತಳ್ಳಿ ಹೊರಕ್ಕೆ ತಿರುಗಿಸಿದ, ಹೊಗೆ ಬಂತು. ಇಬ್ಬರೂ ಬೆಪ್ಪಾದರು. ನಡುಘಟ್ಟದ ಗಾಳಿಗೆ ಇಬ್ಬರ ಅಳತೆಯೂ ಒಗ್ಗಲಿಲ್ಲ. ಆದರೂ ಬಿಡದೆ ಉಸ್ತಾದನ ಕಾಲದ ಬೈಗುಳದಿಂದ ಹಿಡಿದು ಮತ್ತೆ ಶುರು ಮಾಡಿದರು.

ತಂಗಿ ಎದ್ದು ಬಂದಳು. ಹನ್ನೊಂದು ವರ್ಷ ನುಂಗಿದ್ದು ಬಾಯಿಗೆ ಬಂತು.

"ನಿಮ್ ಸ್ಕ್ರೂ ಹಾಳಾಗ! ಅಲ್ಲಿ ಅಮ್ಮನ ಕಣ್ಣು ಹೋಯ್ತಾ ಅವೆ. ಇದು ಇಲ್ಲಿ ನಡಿಯಂಗೆ ಮಾಡಿ, ಸಾಕು. ಆಮೇಲೆ ಇಬ್ರೂ ಹತ್ತಿ ಕೂತ್ಕೊಳಿ. ಇಷ್ಟು ವರ್ಷದಲ್ಲಿ ಈ ಗಾಡಿಯೊಳಗೆ ಕೂತು ಒಂದು ತಿರುವು ಹೋಗಿದ್ದೀರಾ ಇಬ್ರೂ?"

ಇಬ್ಬರೂ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದರು. ಅಲ್ಲಿಗೆ ತಕ್ಕಂತೆ ಸ್ಕ್ರೂ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಆಚೆಗೊಬ್ಬ ಈಚೆಗೊಬ್ಬ ಕೂತರು.

ಜೀಪು ಹತ್ತತೊಡಗಿತು. ಇಪ್ಪತ್ತನೆಯ ತಿರುವಿನ ತನಕ ಎಂಜಿನ್ ಹಾಡಿದಂತೆ ಓಡಿತು. ಇಪ್ಪತ್ತೈದರಲ್ಲಿ ಸದ್ದು ಸ್ವಲ್ಪ ದಪ್ಪವಾಯಿತು. ಕೆಳಗಿನವನು ತಲೆ ವಾಲಿಸಿದ. ಇಪ್ಪತ್ತೆಂಟರಲ್ಲಿ ಹೊಗೆಯ ವಾಸನೆ ಬಂತು. ಅವನು ಹೊರಗೆ ಕತ್ತು ಹಾಕಿ ಸೈಲೆನ್ಸರ್ ನೋಡಿದ. ಸ್ಕ್ರೂವನ್ನು ಯಾರೂ ಮುಟ್ಟಿಲ್ಲ. ತಾವಿಬ್ಬರೇ ಅಲ್ಲವೇ ಈಗಷ್ಟೇ ಕೂರಿಸಿದ್ದು! ಅವನಿಗೆ ಕುತೂಹಲ ಹತ್ತಿತು. ಸಿಟ್ಟಿಗಿಂತ ಅದು ದೊಡ್ಡದು ಕಣಪ್ಪಾ, ಒಮ್ಮೆ ಹತ್ತಿದರೆ ಸುಮ್ಮನೆ ಕೂರಲು ಬಿಡುವುದಿಲ್ಲ.

ಮೂವತ್ತೆರಡನೆಯ ತಿರುವಿನಲ್ಲಿ ಜೀಪು ಏದುಸಿರು ಬಿಟ್ಟಿತು. "ನಿಲ್ಸು" ಎಂದ ಕೆಳಗಿನವನು. ಇಳಿದ. ಬಾನೆಟ್ ಎತ್ತಿ, ಕಿವಿಗೊಟ್ಟು, ಸ್ಕ್ರೂಡ್ರೈವರ್ ಹಚ್ಚಿ ತಿರುಗಿಸಿದ. ಅವನ ಕೈ ತಿರುಗಿದ್ದು ಒಳಕ್ಕೆ. ಹೊಗೆ ನಿಂತು ಎಂಜಿನ್ ಹಗುರವಾಯಿತು. ಆಗ ಅವನಿಗೆ ತಾನು ಏನು ಮಾಡಿದೆ ಎಂದು ಗೊತ್ತಾಯಿತು. ಹನ್ನೊಂದು ವರ್ಷ ಬೈದ ಕೆಲಸವನ್ನು ತನ್ನ ಕೈಯೇ ಮಾಡಿತ್ತು. ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಿಂತ. ಕಣ್ಣಲ್ಲಿ ನೀರು ಬಂತು.

ಮೇಲಿನವನು ಪಕ್ಕದಲ್ಲೇ ನಿಂತು ನೋಡಿದ. ಈಗ ಆಡಿಕೊಳ್ಳಬಹುದಿತ್ತು. ಆಡಿಕೊಳ್ಳಲಿಲ್ಲ.

"ಇಳಿಯೋವಾಗ ನಾನೂ ಬತ್ತೀನಿ, ಭಾವ. ಕೆಳಗೆ ಅದು ಹೆಂಗೆ ಕೂಗ್ತದೆ ನೋಡ್ಬೇಕು" ಎಂದ.

ಮನೆಯ ಮುಂದೆ ತಾಯಿ ಕೂತಿದ್ದಳು. ಅವಳಿಗೆ ಮಗಳ ಮುಖ ಕಂಡಿತು. ಪೂರ್ತಿಯಾಗಿ ಅಲ್ಲ, ಅಂಚಿನಲ್ಲಿ ಮಂಜು ಇತ್ತು. ಆದರೂ ಕಂಡಿತು. ಎರಡು ದಿನ ಬಿಟ್ಟು ಮೂವರೂ ಕೆಳಗಿಳಿದರು. ಬಯಲಿಗೆ ಬಂದ ಮೇಲೆ ಎಂಜಿನ್ ಕಾದು ಜಗ್ಗಿತು. ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದವನು ಮೇಲಿನವನು. ಡ್ರೈವರ್ ಆಮೇಲೆ ಪೆಟ್ಟಿಗೆ ರಿಪೇರಿ ಮಾಡಿಸಿ ಮತ್ತೆ ಹಾಕಿಸಿಕೊಂಡ. ಇಬ್ಬರೂ ಅಡ್ಡ ಬರಲಿಲ್ಲ. ಅದು ಹೇಗೆ ಹೊಗೆ ಮೂಸುತ್ತದೆ ನೋಡೋಣ ಎಂದು ಒಟ್ಟಿಗೆ ಬಗ್ಗಿ ನೋಡಿದರಂತೆ.

ಗುರುಗಳು ಕತೆ ಮುಗಿಸಿ ಶಲ್ಯ ಸರಿಮಾಡಿಕೊಂಡರು.

ಗುರುಪಾದನ ಮುಖ ಅರಳಿತ್ತು. ಅವನು ಚುರುಕು ಬುದ್ಧಿಯವನು, ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ.

"ಅರ್ಥವಾಯಿತು, ಬುದ್ಧಿ. ದುಃಖ ಹೊಸದಾಗಿದ್ದರೆ ಅಳಬೇಕು, ಹಳೆಯದಾದರೆ ನಿಲ್ಲಿಸಬೇಕು. ಚನ್ನವೀರನೂ ಸರಿ, ನಾನೂ ಸರಿ. ಹೊಸಬರನ್ನು ಅವನ ಬಳಿಗೆ ಕಳಿಸೋಣ, ಹಳಬರು ನನ್ನ ಬಳಿಗೆ ಬರಲಿ. ಹಾಗೆ ಹಂಚಿಬಿಟ್ಟರೆ ತಂಟೆಯೇ ಇರುವುದಿಲ್ಲ."

ಗುರುಗಳು ಅವನನ್ನೇ ನೋಡಿದರು.

"ನೀನು ಅಳಬೇಡಿ ಎಂದು ಎಬ್ಬಿಸಿ ಕಳಿಸಿದವರು ಹಜಾರದಿಂದ ಎತ್ತ ಹೋದರು ಎಂದು, ಈ ಒಂಬತ್ತು ವರ್ಷದಲ್ಲಿ ಒಂದು ದಿನವಾದರೂ ಎದ್ದು ನೋಡಿದ್ದೀಯಾ?"